ಮಿರುಗು ಬೇಕೋ ಮಂಕು ಬೇಕೋ: ಕಾರವಾರದ ಗ್ಯಾರೇಜಿಗೆ ಬಂದ ಒಂದು ಬೌಲಿಂಗ್ ಚೆಂಡಿನ ಪ್ರಕರಣ

ಕಾರವಾರದ ಕೋಡಿಬಾಗದ ಕಡೆಗಿರುವ ನನ್ನ ಗ್ಯಾರೇಜಿನಲ್ಲಿ ವಾಹನಗಳಿಗೆ ಬಣ್ಣ ಹೊಡೆದು ಹೊಳಪು ಕೊಡುವ ಕೆಲಸವಷ್ಟೇ ನಡೆಯುತ್ತದೆ. ಕಡಲ ಗಾಳಿಯ ಉಪ್ಪಿಗೆ ತುಕ್ಕು ತಿಂದ ಬಾಗಿಲುಗಳು, ಮೀನು ಸಾಗಿಸುವ ಟೆಂಪೊಗಳ ಬದಿಗಳು, ಮಳೆಗಾಲ ಕಳೆದು ಮಂಕಾಗಿ ಬರುವ ಬಾನೆಟ್‌ಗಳು ನಮ್ಮ ನಿತ್ಯದ ಕೆಲಸ. ಅಂಥ ಜಾಗಕ್ಕೆ ಕಳೆದ ಅಕ್ಟೋಬರಿನಲ್ಲಿ ನನ್ನ ತಂಗಿಯ ಮಗ ಒಂದು ಚೀಲವನ್ನು ಹೊತ್ತು ತಂದು, ಪುಟ್ಟಿ ಕಲಸುವ ಮೇಜಿನ ಮೇಲೆ ಅದರೊಳಗಿನ ಬೌಲಿಂಗ್ ಚೆಂಡನ್ನು ಇಟ್ಟ. ಕ್ರಿಕೆಟ್ಟಿನದಲ್ಲ, ಲೇನು ಎಂಬ ಉದ್ದನೆಯ ಹಲಗೆಹಾದಿಯ ತುದಿಯಲ್ಲಿ ತ್ರಿಕೋನವಾಗಿ ನಿಲ್ಲಿಸಿದ, ಬಾಟಲಿಯಾಕಾರದ ಹತ್ತು ಪಿನ್ನುಗಳನ್ನು ಬೀಳಿಸುವ ಆಟದ ಚೆಂಡು. ಅದು ಉರುಳದಿರಲೆಂದು ಕೆಳಗೆ ಹಳೆಯ ಬಟ್ಟೆಯ ಸಿಂಬಿಯೊಂದನ್ನು ಸುತ್ತಿ ಇಟ್ಟದ್ದು ನಾನು. ಆ ಸಿಂಬಿ ಮುಂದಿನ ಮೂರು ತಿಂಗಳು ಅಲ್ಲೇ ಉಳಿಯಿತು.

"ಮಾವ, ಇದನ್ನು ಹೊಸ ಕಾರಿನ ಬಾನೆಟ್ಟಿನ ಹಾಗೆ ಮಿರುಗುವಂತೆ ಮಾಡಿಕೊಡಿ. ಚೆಂಡು ಸತ್ತೇಹೋಗಿದೆ, ತಿರುಗುವುದೇ ಇಲ್ಲ" ಎಂಬುದು ಅವನ ಬೇಡಿಕೆಯಾಗಿತ್ತು. ಡಿಸೆಂಬರಿನಲ್ಲಿ ಗೋವೆಯ ಬೌಲಿಂಗ್ ಕೇಂದ್ರವೊಂದರಲ್ಲಿ ಕಚೇರಿ ತಂಡಗಳ ನಡುವೆ ಸ್ನೇಹಪಂದ್ಯವಿತ್ತು, ಅದರಲ್ಲಿ ಅವನೂ ಆಡುವವನಿದ್ದ. ಈ ಬೇಡಿಕೆಯಲ್ಲಿ ಎರಡು ತಪ್ಪುಗಳಿದ್ದವು. ಅವನ್ನು ಗುರುತಿಸಲು ನನಗೆ ಒಂದು ತಿಂಗಳಿಗಿಂತ ಹೆಚ್ಚು ಕಾಲ ಹಿಡಿಯಿತು, ಏಕೆಂದರೆ ಅದೇ ತಪ್ಪುಗಳು ನನ್ನ ತಲೆಯಲ್ಲಿಯೂ ಇದ್ದವು. ಹೊಳಪೆಂದರೆ ಒಳ್ಳೆಯ ಕೆಲಸ, ಮಂಕೆಂದರೆ ಅರ್ಧಕ್ಕೆ ಬಿಟ್ಟ ಕೆಲಸ ಎಂದು ನಂಬಿಕೊಂಡೇ ನಾನು ಈ ಕಸುಬಿನಲ್ಲಿ ಹೊಟ್ಟೆ ಹೊರೆದವನು.

ಚೆಂಡು ಮತ್ತು ಆಡುವ ಕೈ

ಚೆಂಡಿನ ತೂಕ 14 ಪೌಂಡ್, ಅಂದರೆ ಆರೂಕಾಲು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಬೌಲಿಂಗ್ ಚೆಂಡು 16 ಪೌಂಡನ್ನು ಮೀರುವಂತಿಲ್ಲ. ಆದರೆ ತೂಕ ಎಷ್ಟೇ ಇರಲಿ, ಗಾತ್ರ ಹೆಚ್ಚು ಕಡಿಮೆ ಒಂದೇ. ವ್ಯಾಸ ಸುಮಾರು ಎಂಟೂವರೆ ಇಂಚು, ಸುತ್ತಳತೆ ಸುಮಾರು 27 ಇಂಚು. ಇದರ ಹೊರಪದರ ರಿಯಾಕ್ಟಿವ್ ರೆಸಿನ್ ಎಂಬ ವಸ್ತುವಿನದು. 1990ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಈ ವಸ್ತುವಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿದ್ದು, ಲೇನಿನ ಮೇಲೆ ಹರಡಿದ ಎಣ್ಣೆಯನ್ನು ಅವು ಹೀರಿಕೊಳ್ಳುತ್ತವೆ. ಬೌಲಿಂಗ್ ಕೇಂದ್ರಗಳಲ್ಲಿ ಬಾಡಿಗೆಯ ಜೊತೆಗೆ ಸಿಗುವ ಬಣ್ಣಬಣ್ಣದ ಚೆಂಡುಗಳು ಪಾಲಿಯೆಸ್ಟರ್‌ನವು. ಅವು ಎಣ್ಣೆ ಕುಡಿಯುವುದಿಲ್ಲ, ಹೆಚ್ಚು ತಿರುಗುವುದೂ ಇಲ್ಲ.

ಬೆಂಗಳೂರಿನಲ್ಲಿ ಓದುತ್ತಿದ್ದಾಗ ಕೊಂಡ ಈ ಚೆಂಡು ಕಾರ್ಖಾನೆಯಿಂದ ಬಂದಾಗ 2000 ಸಂಖ್ಯೆಯ ಬಿಲ್ಲೆಯಿಂದ ಉಜ್ಜಿದ್ದು, ಹೊಳಪಿಲ್ಲದ್ದು ಎಂದು ಅವನು ಹೇಳಿದ. ಉಜ್ಜುವ ಬಿಲ್ಲೆ, ಹಾಳೆಗಳ ಸಂಖ್ಯೆ ಹೆಚ್ಚಿದಷ್ಟೂ ಗೀರು ನುಣುಪು. ನನ್ನ ಮುಂದೆ ಬಂದಾಗ ಅದು ಹಾಗಿರಲಿಲ್ಲ. ಬೆರಳು ತೂರಿಸುವ ರಂಧ್ರಗಳ ಪಕ್ಕದಲ್ಲಿ, ಚೆಂಡು ಉರುಳುವ ಜಾಡಿನಲ್ಲಿ, ಸುಮಾರು ನಾಲ್ಕು ಬೆರಳಗಲದ ಪಟ್ಟಿಯೊಂದು ತಾನಾಗಿಯೇ ನುಣುಪಾಗಿ ಹೊಳೆಯುತ್ತಿತ್ತು. ಉಳಿದ ಭಾಗ ಬೂದು ಹಿಡಿದ ಕನ್ನಡಿಯಂತಿತ್ತು. ಉಗುರಿನಿಂದ ಗೀರಿದರೆ ಉಗುರಿನ ತುದಿಗೆ ಜಿಡ್ಡು ಅಂಟುತ್ತಿತ್ತು. ಆ ದಿನವೇ ಈ ಪಟ್ಟಿಯನ್ನು ಸರಿಯಾಗಿ ಓದಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಉಜ್ಜಿ ಮಂಕಾಗಿಸಿದ ಚೆಂಡು ಆಡುತ್ತ ಆಡುತ್ತ ಲೇನಿನ ತಿಕ್ಕಾಟಕ್ಕೆ ನುಣುಪಾಗುತ್ತದೆ, ಕನ್ನಡಿಯಂತೆ ಹೊಳೆಯಿಸಿದ ಚೆಂಡು ಅದೇ ತಿಕ್ಕಾಟಕ್ಕೆ ಮಂಕಾಗುತ್ತದೆ. ಎರಡೂ ನಡುವಿನ ಯಾವುದೋ ಒಂದು ಹದಕ್ಕೆ ಬಂದು ನಿಲ್ಲುತ್ತವೆ. ನನ್ನ ಅಳಿಯನ ಚೆಂಡು ಸತ್ತಿರಲಿಲ್ಲ. ಅದು ಅರ್ಧ ಪಾಲಿಶ್ ಆಗಿತ್ತು, ಮೇಲೆ ಹೊಟ್ಟೆ ತುಂಬ ಎಣ್ಣೆ ಕುಡಿದಿತ್ತು.

ಕೈಯ ವಿಷಯವನ್ನೂ ಇಲ್ಲೇ ಹೇಳಬೇಕು. ಅವನು ಬಲಗೈ ಆಟಗಾರ, ಎಸೆತ ನಿಧಾನ. ಎಸೆಯುವಾಗ ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ ದೂರ. ಚೆಂಡಿಗೆ ಬಿಳಿ ಟೇಪಿನ ತುಂಡೊಂದನ್ನು ಅಂಟಿಸಿ ಅಭ್ಯಾಸದ ಎಸೆತಗಳನ್ನು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಚಿತ್ರಿಸಿ ನೋಡಿದಾಗ, ಆ ದೂರವನ್ನು ಚೆಂಡು ಸುಮಾರು ಮೂರು ಸೆಕೆಂಡುಗಳಲ್ಲಿ ದಾಟುತ್ತಿತ್ತು, ಅಷ್ಟರೊಳಗೆ ಹನ್ನೆರಡು ಹದಿಮೂರು ಸುತ್ತು ಸುತ್ತುತ್ತಿತ್ತು. 27 ಇಂಚು ಸುತ್ತಳತೆಯ ಚೆಂಡು 60 ಅಡಿಯನ್ನು ಜಾರದೆ ಬರೀ ಉರುಳಿಯೇ ಹೋಗುವುದಾದರೆ ಸುಮಾರು 27 ಸುತ್ತು ಸುತ್ತಬೇಕು. ಹಾಗಿದ್ದರೆ ಉಳಿದ ದೂರವನ್ನು ಅದು ಹೇಗೆ ಕ್ರಮಿಸಿತು? ಜಾರಿಕೊಂಡು. ಈ ಲೆಕ್ಕವನ್ನು ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಹಾಕಿದ ಮೇಲೆಯೇ ನನಗೆ ಆಟದ ಗುಟ್ಟು ಅರ್ಥವಾದದ್ದು.

ಮೊದಲ ಮದ್ದು: ಕನ್ನಡಿ

ಅಕ್ಟೋಬರಿನಲ್ಲಿ ಅಷ್ಟೆಲ್ಲ ಯೋಚಿಸದೆ, ಕಾರಿಗೆ ಮಾಡುವುದನ್ನೇ ಚೆಂಡಿಗೂ ಮಾಡಿದೆ. ನುಣುಪು ವಾಟರ್ ಪೇಪರ್ ಹಿಡಿದು ನೀರಿನಲ್ಲಿ ಉಜ್ಜಿ, ಬಫಿಂಗ್ ಮಷಿನ್ನಿಗೆ ಉಣ್ಣೆಯ ಬಿಲ್ಲೆ ಹಾಕಿ, ರಬ್ಬಿಂಗ್ ಕಾಂಪೌಂಡ್ ಬಳಿದು ಅರ್ಧ ಗಂಟೆಯಲ್ಲಿ ಚೆಂಡನ್ನು ಕನ್ನಡಿ ಮಾಡಿದೆ. ಟ್ಯೂಬ್‌ಲೈಟಿನ ಎರಡು ತುದಿಗಳೂ ಅದರಲ್ಲಿ ಚೊಕ್ಕವಾಗಿ ಕಾಣುತ್ತಿದ್ದವು. ಕೊನೆಗೆ ಮೇಣದ ಲೇಪವನ್ನೂ ಕೊಡಲು ಹೊರಟಿದ್ದೆ; ಅಳಿಯ ತಡೆದ. ಚೆಂಡಿನ ಮೇಲೆ ಹೊರಗಿನ ಪದಾರ್ಥದ ಲೇಪ ಉಳಿಯಬಾರದೆಂಬ ನಿಯಮ ಆಟದಲ್ಲಿದೆ, ಮೇಣ ರಂಧ್ರಗಳನ್ನೂ ಮುಚ್ಚುತ್ತದೆ. ಅಷ್ಟರ ಮಟ್ಟಿಗೆ ಅವನ ತಿಳಿವಳಿಕೆ ನನಗಿಂತ ಮುಂದಿತ್ತು.

ಮರು ಭಾನುವಾರ ಬೆಳಿಗ್ಗೆ ಇಬ್ಬರೂ ಕಾಳಿ ಸೇತುವೆ ದಾಟಿ, ಮಾಜಾಳಿ, ಪೋಳೆ, ಕಾಣಕೋಣದ ದಾರಿ ಹಿಡಿದು ಮಡಗಾಂವ್ ಕಡೆಗೆ ಹೊರಟೆವು. ಹೋಗಿಬರುವುದರಲ್ಲಿ ದಿನವೇ ಮುಗಿಯುವುದರಿಂದ, ಪ್ರತಿಯೊಂದು ಪ್ರಯೋಗಕ್ಕೂ ನಾವು ಒಂದು ಭಾನುವಾರವನ್ನೇ ತೆರಬೇಕಿತ್ತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಹತ್ತು ಗಂಟೆಗೆ, ಲೇನಿಗೆ ಆಗಷ್ಟೇ ಎಣ್ಣೆ ಬಳಿದಿದ್ದ ಹೊತ್ತಿನಲ್ಲಿ ಆಟ ಶುರುವಾಯಿತು. ಲೇನಿನ ಅಗಲದಲ್ಲಿ 39 ಹಲಗೆಗಳಿದ್ದು, ಬಲಗೈಯವನ ಚೆಂಡು ಮೊದಲ ಪಿನ್ನು ಮತ್ತು ಮೂರನೆಯ ಪಿನ್ನಿನ ನಡುವಿನ ಸಂದಿಗೆ, ಬಲದಿಂದ ಎಣಿಸಿದರೆ ಸುಮಾರು ಹದಿನೇಳನೆಯ ಹಲಗೆಯ ಮೇಲೆ, ಓರೆಯಾಗಿ ಬಂದು ಬಡಿಯಬೇಕು. ಈ ಸಂದಿಗೆ ಪಾಕೆಟ್ ಎನ್ನುತ್ತಾರೆ. ನನ್ನ ಕನ್ನಡಿ ಚೆಂಡು, ಗುರಿ ಹಿಡಿಯಲೆಂದು ಲೇನಿನ ಮೇಲೆ ಗುರುತು ಮಾಡಿರುವ ಬಾಣಗಳಲ್ಲಿ ಎರಡನೆಯದರ ಮೇಲಿಂದ ಚೆನ್ನಾಗಿಯೇ ಹೊರಟಿತು, ಆಮೇಲೆ ಕೆಸರಿನಲ್ಲಿ ಬ್ರೇಕ್ ಹಾಕಿದ ಸೈಕಲ್ಲಿನಂತೆ ಜಾರಿತು, ಜಾರುತ್ತಲೇ ಇತ್ತು. ಒಳಕ್ಕೆ ತಿರುಗಬೇಕೆಂದು ಅದಕ್ಕೆ ನೆನಪಾಗುವಷ್ಟರಲ್ಲಿ ಪಿನ್ನುಗಳು ಬಂದುಬಿಟ್ಟಿದ್ದವು. ಹೆಚ್ಚಿನ ಎಸೆತಗಳು ಮೂರನೆಯ ಪಿನ್ನಿನ ಬಲಕ್ಕೇ ಬಡಿದವು. ಎರಡು ಸಲ ಚೆಂಡು ಲೇನಿನ ಬದಿಯ ಗಟಾರಕ್ಕೂ ಇಳಿಯಿತು.

ಹಿಂದಿರುಗುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಕರ್ಮಲ ಘಾಟಿಯಲ್ಲಿ ಮಳೆ ಹಿಡಿಯಿತು. ಮುಂದಿದ್ದ ಬೈಕೊಂದರ ಹಿಂದಿನ ಟೈರು ಪೂರ್ತಿ ಸವೆದದ್ದು, ತಿರುವಿನಲ್ಲಿ ಕೊಂಚ ಅಡ್ಡ ಜಾರಿ ಸವಾರ ಕಾಲು ಕೊಟ್ಟು ಸಾವರಿಸಿಕೊಂಡ. "ಕಂಡೆಯಾ ತಮಾ, ನಾವು ನಿನ್ನ ಚೆಂಡಿಗೆ ಮಾಡಿದ್ದು ಇದನ್ನೇ" ಎಂದು ನನ್ನ ಬಾಯಿಂದ ಹೊರಟಿತು.

ಮೇಲ್ಮೈ ಮಾಡುವ ಕೆಲಸ

ಟೈರಿನ ಹೋಲಿಕೆ ಮುಕ್ಕಾಲು ಪಾಲು ಸರಿ. ಲೇನಿನ ಮೇಲಿನ ಎಣ್ಣೆಯ ಪದರ ಕೂದಲೆಳೆಗಿಂತ ಎಷ್ಟೋ ತೆಳು. ಉಜ್ಜಿದ ಚೆಂಡಿನ ಮೇಲಿರುವ ಗೀರುಗಳ ಏಣುಗಳು ಆ ಪದರವನ್ನು ಚುಚ್ಚಿಕೊಂಡು ಹಲಗೆಯನ್ನು ಮುಟ್ಟುತ್ತವೆ. ಏಣಿಲ್ಲದ ನುಣುಪು ಚೆಂಡು ಎಣ್ಣೆಯ ಮೇಲೆಯೇ ತೇಲುತ್ತದೆ. ಮುಟ್ಟಿದರೆ ತಿಕ್ಕಾಟ, ತಿಕ್ಕಾಟವಿದ್ದರೆ ತಿರುವು. ಚೆಂಡಿನ ಚಲನೆಯನ್ನು ಯಂತ್ರದಿಂದ ಎಸೆದು ಅಳೆದ ಅಮೆರಿಕದ ಬೌಲಿಂಗ್ ಒಕ್ಕೂಟವೂ, ಚೆಂಡಿನ ಒಳಗಿನ ತಿರುಳಿನ ಆಕಾರಕ್ಕಿಂತ ಮೇಲ್ಮೈಯ ಒರಟುತನವೇ ತಿರುವಿನ ಮೇಲೆ ಹೆಚ್ಚು ಪ್ರಭಾವ ಬೀರುತ್ತದೆ ಎಂಬ ತೀರ್ಮಾನಕ್ಕೆ ಬಂದಿದೆ.

ಟೈರಿನ ಹೋಲಿಕೆ ಕೈಕೊಡುವುದು ಇನ್ನುಳಿದ ಕಾಲು ಪಾಲಿನಲ್ಲಿ, ನಿಜವಾದ ಆಯ್ಕೆ ಅಡಗಿರುವುದೂ ಅಲ್ಲಿಯೇ. ಟೈರಿಗೆ ಹಿಡಿತ ಎಷ್ಟು ಹೆಚ್ಚಿದ್ದರೂ ಒಳ್ಳೆಯದು, ಚೆಂಡಿಗೆ ಹಾಗಲ್ಲ. ಎಸೆದ ಚೆಂಡು ಮೊದಲು ಜಾರುತ್ತದೆ, ಆಮೇಲೆ ತಿರುಗುತ್ತದೆ, ಕೊನೆಗೆ ಉರುಳುತ್ತದೆ. ಕೈಯಿಂದ ಪಡೆದ ಓರೆ ಸುತ್ತನ್ನು ಅದು ತಿರುವಿಗೆ ಖರ್ಚು ಮಾಡುತ್ತ ಹೋಗುತ್ತದೆ, ಆ ಗಂಟು ಕರಗಿ ಪೂರ್ಣ ಉರುಳಾಟ ಶುರುವಾದ ಮೇಲೆ ಮತ್ತೆ ತಿರುಗಲು ಅದರ ಬಳಿ ಏನೂ ಉಳಿದಿರುವುದಿಲ್ಲ. ಒರಟು ಮೇಲ್ಮೈ ಈ ಖರ್ಚನ್ನು ಬೇಗ ಶುರುಮಾಡಿಸುತ್ತದೆ, ತಿರುವು ನಿಧಾನವಾಗಿ ಬಿಲ್ಲಿನಂತೆ ಬಾಗುತ್ತದೆ. ನುಣುಪು ಮೇಲ್ಮೈ ಖರ್ಚನ್ನು ಮುಂದೂಡುತ್ತದೆ, ಎಣ್ಣೆ ಮುಗಿದು ಒಣ ಹಲಗೆ ಸಿಕ್ಕಲ್ಲಿ ಚೆಂಡು ಕುಡುಗೋಲಿನಂತೆ ಚಕ್ಕನೆ ಬಾಗುತ್ತದೆ. ಸಾಮಾನ್ಯವಾಗಿ ಎಣ್ಣೆಯನ್ನು ಬಳಿಯುವುದು ಮೊದಲ 40 ಅಡಿಯ ಆಸುಪಾಸಿನವರೆಗೆ, ಅದೂ ನಡುವೆ ಹೆಚ್ಚು, ಅಂಚುಗಳಲ್ಲಿ ಕಡಿಮೆ. ಕೊನೆಯ 20 ಅಡಿ ಒಣಗಿರುತ್ತದೆ. ಆದ್ದರಿಂದ ಹೊಳಪು ಬೇಕೋ ಮಂಕು ಬೇಕೋ ಎಂದು ಕೇಳುವವನು ನಿಜಕ್ಕೂ ಕೇಳಬೇಕಾದದ್ದು, ಚೆಂಡು ತನ್ನ ಗಂಟನ್ನು ಎಲ್ಲಿ ಬಿಚ್ಚಬೇಕು ಎಂಬುದನ್ನು.

ಎರಡನೆಯ ಮದ್ದು: ಅತಿ ಒರಟು

ಇಷ್ಟು ತಿಳಿದ ಮೇಲೂ ನಾನು ಎರಡನೆಯ ತಪ್ಪು ಮಾಡಿದೆ. ಜಾರಿದ್ದು ತೊಂದರೆಯಾದರೆ ಹಿಡಿತ ಕೊಟ್ಟುಬಿಡೋಣ ಎಂದು 500 ಸಂಖ್ಯೆಯ ಹಾಳೆ ಹಿಡಿದು ಚೆಂಡನ್ನು ಬೆಣಚುಕಲ್ಲಿನ ಬಣ್ಣಕ್ಕೆ ತಂದೆ. ಹಾಳೆಯ ಸಂಖ್ಯೆಯ ಬಗ್ಗೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಗ್ಯಾರೇಜಿನಿಂದ ಚೆಂಡಿನ ಕೆಲಸಕ್ಕೆ ಬರುವವರು ಎಡವುವುದೇ ಇಲ್ಲಿ. ಕೆಲವು ವಾಟರ್ ಪೇಪರುಗಳ ಬೆನ್ನಿನ ಮೇಲೆ ಸಂಖ್ಯೆಯ ಮುಂದೆ 'ಪಿ' ಎಂಬ ಅಕ್ಷರ ಇರುತ್ತದೆ, ಕೆಲವದರ ಮೇಲೆ ಇರುವುದಿಲ್ಲ. 'ಪಿ' ಇದ್ದರೆ ಅದು ಯುರೋಪಿನ ಅಳತೆ. ಆ ಅಳತೆಯ 1000ದ ಹಾಳೆಯ ಕಣ ಸರಾಸರಿ 18 ಮೈಕ್ರಾನ್ ಇದ್ದರೆ, ಅಮೆರಿಕದ ಹಳೆಯ ಅಳತೆಯ 1000ದ ಕಣ ಅದರ ಅರ್ಧ, ಸುಮಾರು 9 ಮೈಕ್ರಾನ್. ಒಂದೇ ಸಂಖ್ಯೆ, ಎರಡು ಪಟ್ಟು ವ್ಯತ್ಯಾಸ! ಚೆಂಡಿನವರು ಬಳಸುವ ಅಬ್ರಾಲಾನ್ ಬಿಲ್ಲೆಗಳ ಬೆನ್ನಿಗೆ ಸ್ಪಂಜು ಇರುವುದರಿಂದ ಗೀರು ಇನ್ನೂ ಮೆದುವಾಗಿ ಬೀಳುತ್ತದೆ. ಹಾಗಾಗಿ ಒಂದೇ ಅಳತೆಯದಾದರೂ ಗಟ್ಟಿ ಹಾಳೆಯಿಂದ ಉಜ್ಜಿದ 500, ಬಿಲ್ಲೆಯಿಂದ ಉಜ್ಜಿದ 500ಕ್ಕಿಂತ ಹೆಚ್ಚು ಒರಟು. ಇದು ನನಗೆ ಆಗ ಗೊತ್ತಿರಲಿಲ್ಲ.

ಎರಡನೆಯ ಭಾನುವಾರ ಮೊದಲ ಆಟದಲ್ಲಿ ಚೆಂಡು ಮಾತು ಕೇಳಿತು. ಎರಡನೆಯ ಆಟದ ನಡುವಿನಿಂದ, ಲೇನಿನ ಮುಂಭಾಗದ ಎಣ್ಣೆಯನ್ನು ಚೆಂಡು ತಾನೇ ಒರೆಸಿಕೊಂಡ ಮೇಲೆ, ಬಾಣಗಳನ್ನು ದಾಟುತ್ತಲೇ ಒಳಕ್ಕೆ ಬಾಗತೊಡಗಿತು. ಅಳಿಯ ಎಡಕ್ಕೆ ಸರಿಯುತ್ತ ಹೋದ, ಇನ್ನೂ ಸರಿಯಲು ಜಾಗ ಇಲ್ಲದಾಯಿತು. ಇದಕ್ಕಿಂತ ವಿಚಿತ್ರವೆಂದರೆ, ಪಾಕೆಟ್ಟಿಗೆ ಸರಿಯಾಗಿಯೇ ಬಡಿದ ಎಸೆತಗಳಲ್ಲೂ ಬಲಮೂಲೆಯ ಹತ್ತನೆಯ ಪಿನ್ನು ನಿಂತೇ ಇರುತ್ತಿತ್ತು. ನಾನು ಆ ಪಿನ್ನನ್ನು ಬಿಟ್ಟು ಅದರ ಮುಂದಿನ ಆರನೆಯ ಪಿನ್ನನ್ನು ನೋಡತೊಡಗಿದೆ. ಅದು ಹಾರಿ ಹೋಗಿ ಹತ್ತನ್ನು ಬಡಿಯುವ ಬದಲು ಸುಸ್ತಾದವನಂತೆ ಪಕ್ಕದ ಗಟಾರದೊಳಗೆ ಮೆಲ್ಲಗೆ ಮಲಗುತ್ತಿತ್ತು. ಗಂಟೆಲ್ಲ ಕರಗಿದ ಚೆಂಡು ಪಿನ್ನಿಗೆ ತಗುಲಿದೊಡನೆ ಬಲಕ್ಕೆ ಬಾಗಿ ಹೋಗುವುದರ ಕುರುಹು ಅದು. ಚೆಂಡು ಪಾಕೆಟ್ಟನ್ನು 4ರಿಂದ 6 ಡಿಗ್ರಿಯಷ್ಟು ಓರೆಯಲ್ಲಿ ಹೊಕ್ಕರೆ ಎಲ್ಲ ಪಿನ್ನು ಬೀಳುವ ಸಂಭವ ಹೆಚ್ಚು. ಮೊದಲೇ ಉರುಳಾಟಕ್ಕೆ ಬಂದುಬಿಟ್ಟ ನಮ್ಮ ಚೆಂಡಿಗೆ ಆ ಓರೆ ಉಳಿದಿರಲಿಲ್ಲ. ಹತ್ತನೆಯ ಪಿನ್ನು ನಿಂತಾಗ ಅದೃಷ್ಟವನ್ನು ಬೈಯುವವರು ಒಮ್ಮೆ ಆರನೆಯದು ಎಲ್ಲಿ ಬಿತ್ತೆಂದು ನೋಡುವುದು ಲೇಸು. ಅದು ಹತ್ತನೆಯದರ ಕುತ್ತಿಗೆಯನ್ನು ಸುತ್ತಿಕೊಂಡು ಹಾರಿಹೋಗಿದ್ದರೆ ಕಥೆ ಬೇರೆ, ಅಲ್ಲಿ ಚೆಂಡಿಗೆ ಬಲದ ಕೊರತೆ ಇರುವುದಿಲ್ಲ.

ಹಂಡೆಯ ನೀರು ಮತ್ತು ಆರು ಮುಖ

ಎರಡು ಭಾನುವಾರ ಹಾಳಾದ ಮೇಲೆ, ಕಾರಿಗೆ ಬಣ್ಣ ಹೊಡೆಯುವ ಮೊದಲು ಹಳೆಯದನ್ನು ಕೆರೆದು ತಳಕ್ಕೆ ಹೋಗುವಂತೆ ಇಲ್ಲಿಯೂ ತಳದಿಂದಲೇ ಶುರುಮಾಡಬೇಕೆಂದು ತೀರ್ಮಾನಿಸಿದೆವು. ಮೊದಲು ಎಣ್ಣೆ ತೆಗೆಯಬೇಕಿತ್ತು. ಬೆರಳಿನ ರಂಧ್ರಗಳಿಗೆ ಟೇಪು ಹಚ್ಚಿ, ಬಚ್ಚಲ ಹಂಡೆಯಿಂದ ಕೈ ತಡೆಯುವಷ್ಟೇ ಬಿಸಿಯಾದ ನೀರನ್ನು ಬಕೆಟ್ಟಿಗೆ ಹಾಕಿ, ಪಾತ್ರೆ ತೊಳೆಯುವ ಸಾಬೂನಿನ ದ್ರವ ಬೆರೆಸಿ ಚೆಂಡನ್ನು ಮುಳುಗಿಸಿದೆವು. ನೀರು ಕುದಿಯುವಷ್ಟು ಬಿಸಿಯಾದರೆ ಚೆಂಡು ಬಿರಿಯುವ ಅಪಾಯವಿರುವುದರಿಂದ ಈ ವಿಷಯದಲ್ಲಿ ಅವಸರ ಸಲ್ಲದು. ಇಪ್ಪತ್ತು ನಿಮಿಷ ಕಳೆದು ಎತ್ತಿದಾಗ ಚೆಂಡು ಬೆವೆತಿತ್ತು: ಸಾಸಿವೆ ಕಾಳಿಗಿಂತ ಸಣ್ಣ ಎಣ್ಣೆಯ ಹನಿಗಳು, ಎಲ್ಲೆಡೆಗಿಂತ ಆ ಹೊಳೆಯುವ ಪಟ್ಟಿಯ ಮೇಲೆ ದಟ್ಟವಾಗಿ. ಒರೆಸಿ ಮತ್ತೆ ಮುಳುಗಿಸಿ, ಹೀಗೆ ನಾಲ್ಕು ಸಲ ಮಾಡಿದ ಮೇಲೆ ಬಟ್ಟೆಗೆ ಜಿಡ್ಡು ಅಂಟುವುದು ನಿಂತಿತು. ಒಲೆಗೆ ಸೌದೆ ಹಾಕುತ್ತಿದ್ದ ನನ್ನ ಅಕ್ಕ, ಮಗುವಿಗೂ ಇಷ್ಟು ಸಲ ಎಣ್ಣೆ ನೀರು ಎರೆದವರಿಲ್ಲ ಎಂದಳು.

ಉಜ್ಜುವುದಕ್ಕೆ ಚೆಂಡನ್ನು ತಿರುಗಿಸುವ ಯಂತ್ರವಿರುತ್ತದೆ, ನಮ್ಮಲ್ಲಿ ಇರಲಿಲ್ಲ. ಸಿಂಬಿಯ ಮೇಲಿಟ್ಟು ಕೈಯಲ್ಲೇ ಉಜ್ಜಿದೆವು. ಚೆಂಡಿಗೆ ಮುಖಗಳಿಲ್ಲದಿದ್ದರೂ ಆರು ಮುಖಗಳಿವೆ ಎಂದು ಭಾವಿಸಿಕೊಳ್ಳಬೇಕು: ಬೆರಳ ರಂಧ್ರಗಳಿರುವ ಮೇಲ್ಭಾಗ, ಅದರ ಎದುರಿನ ತಳ, ಸುತ್ತಲಿನ ನಾಲ್ಕು. ಪ್ರತಿ ಮುಖಕ್ಕೂ ಅಷ್ಟೇ ಹೊತ್ತು, ಅಷ್ಟೇ ಒತ್ತು, ಅಷ್ಟೇ ನೀರು. ಗೀರುಗಳು ಒಂದೇ ದಿಕ್ಕಿಗೆ ಬೀಳದಂತೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಕೈಯಾಡಿಸಬೇಕು. ಈ ಕೆಲಸದಲ್ಲಿ ನನ್ನ ಕೈ ತುಸು ಹದವಾಗಿಯೇ ಓಡಿತು. ಚಿಕ್ಕಂದಿನಲ್ಲಿ ಶಿರಸಿಯ ಕಡೆಯ ಅಜ್ಜನ ಮನೆಯಲ್ಲಿ ಮರದ ಸಾಮಾನಿಗೆ ಗರಗತ್ತಿಯ ಎಲೆ ಹಿಡಿದು ತಿಕ್ಕುವುದನ್ನು ಕಂಡಿದ್ದೆ. ಆ ಎಲೆ ಮುಟ್ಟಿದರೆ ಬೆಕ್ಕಿನ ನಾಲಗೆಯಷ್ಟು ಒರಟು, ಅದರಿಂದ ತಿಕ್ಕಿದ ಮರ ರೇಷ್ಮೆಯಷ್ಟು ನುಣುಪು. ನುಣುಪು ಬೇರೆ, ಮಿರುಗು ಬೇರೆ ಎಂಬುದನ್ನು ಅಲ್ಲಿ ಕಲಿತು ಗ್ಯಾರೇಜಿನಲ್ಲಿ ಮರೆತಿದ್ದೆ.

ಈ ಎರಡರ ಭೇದ ಚೆಂಡಿನಲ್ಲಿ ಬಹು ಮುಖ್ಯ. ಪಾಲಿಶ್ ಮಾಡಿದ ಚೆಂಡು ಎಂದರೆ ಉಜ್ಜದ ಚೆಂಡು ಎಂದಲ್ಲ. ಪಾಲಿಶ್ ದ್ರವ ಗೀರುಗಳ ಏಣಿನ ತುದಿಯನ್ನಷ್ಟೇ ಸವರುತ್ತದೆ, ಕಣಿವೆಗಳು ಕೆಳಗೆ ಉಳಿದಿರುತ್ತವೆ. 500ರ ತಳದ ಮೇಲೆ ಕೊಟ್ಟ ಹೊಳಪೂ 2000ದ ತಳದ ಮೇಲೆ ಕೊಟ್ಟ ಹೊಳಪೂ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಂದೇ ಥರ ಕಂಡರೂ ಲೇನಿನ ಮೇಲೆ ಒಂದೇ ಥರ ವರ್ತಿಸುವುದಿಲ್ಲ. ಮೊದಲನೆಯದು ಹೊಳಪು ಸವೆದ ಹಾಗೆ ಬೇಗ ಹಿಡಿತಕ್ಕೆ ಬರುತ್ತದೆ. ಮೊದಲ ಸಲ ನಾನು ಕೊಟ್ಟ ಹೊಳಪಿನ ತಳದಲ್ಲಿ ಎಣ್ಣೆ ತುಂಬಿದ, ಸವೆದ, ಯಾವ ಸಂಖ್ಯೆಗೂ ಸೇರದ ಮೇಲ್ಮೈ ಇತ್ತು. ಅದನ್ನು ಇಟ್ಟುಕೊಂಡು ಹೊಳಪಿನ ಗುಣದೋಷ ಹೇಳುವಂತೆಯೇ ಇರಲಿಲ್ಲ.

ಬೆಳಗಿನ ಲೇನು, ಸಂಜೆಯ ಲೇನು

ಇಲ್ಲಿಗೆ ಪ್ರಕರಣದ ನಿಜವಾದ ತಿರುವು. ನಾವು ಎರಡೂ ಪ್ರಯೋಗಗಳನ್ನು ಬೆಳಗಿನ ಹೊತ್ತು ಮಾಡಿದ್ದೆವು. ಪಂದ್ಯವಿದ್ದದ್ದು ಸಂಜೆ ಆರು ಗಂಟೆಗೆ. ಆ ಕೇಂದ್ರದಲ್ಲಿ ಎಣ್ಣೆ ಬಳಿಯುತ್ತಿದ್ದದ್ದು ಬೆಳಿಗ್ಗೆ ಒಂದೇ ಸಲ, ಪಂದ್ಯದ ದಿನವೂ ಅಷ್ಟೇ ಎಂದು ವಿಚಾರಿಸಿ ತಿಳಿದುಕೊಂಡೆವು. ನಡುವೆ ಇಡೀ ದಿನ ಪ್ರವಾಸಿಗರು, ಮಕ್ಕಳು, ಹುಟ್ಟುಹಬ್ಬದ ಗುಂಪುಗಳು ಬಾಡಿಗೆ ಚೆಂಡುಗಳನ್ನು ಅದೇ ಲೇನುಗಳ ಮೇಲೆ ಉರುಳಿಸುತ್ತಾರೆ. ಎಣ್ಣೆ ಹೀರದ ಆ ಪಾಲಿಯೆಸ್ಟರ್ ಚೆಂಡುಗಳು ಮುಂಭಾಗದ ಎಣ್ಣೆಯನ್ನು ಒಂದಷ್ಟು ಎಳೆದುಕೊಂಡು ಹೋಗಿ ಹಿಂಭಾಗದ ಒಣ ಹಲಗೆಗಳ ಮೇಲೆ ತೆಳುವಾಗಿ ಸವರುತ್ತವೆ. ಮೂರನೆಯ ಭೇಟಿಯಲ್ಲಿ, ತೊಳೆದು 2000ಕ್ಕೆ ಉಜ್ಜಿದ ಹೊಳಪಿಲ್ಲದ ಚೆಂಡಿನಿಂದ ಬೆಳಿಗ್ಗೆ ಎರಡು ಆಟ, ಸಂಜೆ ಎರಡು ಆಟ ಆಡಿದಾಗ ವ್ಯತ್ಯಾಸ ಕಣ್ಣಿಗೆ ರಾಚಿತು. ಬೆಳಿಗ್ಗೆ ಅದೇ ಚೆಂಡು ಬಿಲ್ಲಿನಂತೆ ಸಾವಕಾಶವಾಗಿ ಬಾಗಿ ಪಾಕೆಟ್ಟಿಗೆ ಬಂತು. ಅಳಿಯನಿಗೆ ತಾನು ಬೆಂಗಳೂರಿನಲ್ಲಿ ಕೊಂಡ ಚೆಂಡು ಮರಳಿ ಸಿಕ್ಕಂತಾಯಿತು. ಸಂಜೆ ಅದೇ ಜಾಗದಿಂದ ಅದೇ ಬಾಣದ ಮೇಲೆ ಎಸೆದರೆ ಮೊದಲ ಪಿನ್ನಿನ ಎಡಕ್ಕೆ ಹೋಗಿ ಬಡಿಯುತ್ತಿತ್ತು. ಆರನೆಯ ಪಿನ್ನು ಮತ್ತೆ ಗಟಾರದಲ್ಲಿ ಮಲಗತೊಡಗಿತ್ತು.

ನಾಲ್ಕನೆಯ ಭೇಟಿಗೆ ತಳವನ್ನು ಮುಟ್ಟದೆ, ಅದೇ 2000ದ ಮೇಲೆ ಚೆಂಡಿಗೆಂದೇ ತಯಾರಿಸಿದ ಪಾಲಿಶ್ ದ್ರವವನ್ನು ಕೈಯಿಂದ ತಿಕ್ಕಿ, ಟ್ಯೂಬ್‌ಲೈಟು ಮಸುಕಾಗಿ ಕಾಣುವಷ್ಟು ಮಾತ್ರ ಹೊಳಪು ತಂದೆವು. ಬೆಳಿಗ್ಗೆ ಅದು ಅಕ್ಟೋಬರಿನ ಕನ್ನಡಿಯಷ್ಟಲ್ಲದಿದ್ದರೂ ತಡವಾಗಿಯೇ ತಿರುಗಿತು, ಬಲಕ್ಕೆ ತಪ್ಪಿತು. ಸಂಜೆ ಮಾತ್ರ ಬೇರೆಯೇ ಚೆಂಡು. ಒಣಗಿದ ಮುಂಭಾಗವನ್ನು ಕಂಡೂ ಕಾಣದಂತೆ ಜಾರಿಕೊಂಡು ಹೋಗಿ, ಕೊನೆಯ ಹದಿನೈದು ಅಡಿಯಲ್ಲಿ ಬಾಗಿ ಪಾಕೆಟ್ಟನ್ನು ಹೊಕ್ಕಿತು. ಪಿನ್ನುಗಳು ಬಿದ್ದ ಸದ್ದೇ ಬೇರೆಯಾಗಿತ್ತು.

ನಾನು ತೀರ್ಮಾನ ಕೊಟ್ಟದ್ದು ಇಷ್ಟನ್ನು ನೋಡಿ: ಆಟಗಾರನ ಎಸೆತ ನಿಧಾನ, ಆದ್ದರಿಂದ ಚೆಂಡಿಗೆ ಲೇನನ್ನು ಹಿಡಿಯಲು ಹೇಗೂ ಹೆಚ್ಚು ಹೊತ್ತು ಸಿಗುತ್ತದೆ, ಆಡುವ ಹೊತ್ತಿಗೆ ಮುಂಭಾಗದ ಎಣ್ಣೆ ತೆಳುವಾಗಿರುತ್ತದೆ, ಕೈಯಲ್ಲಿರುವುದು ಒಂದೇ ಚೆಂಡು. ಈ ಮೂರೂ ಕೂಡಿದಲ್ಲಿ 2000ದ ತಳದ ಮೇಲೆ ಅರೆ ಹೊಳಪು ಸರಿ. ಇದೇ ಚೆಂಡನ್ನು ಬಿರುಸಾಗಿ ಎಸೆಯುವವನಿಗೆ ನಾನು ಸಂಜೆಗೂ ಹೊಳಪು ಕೊಡುತ್ತಿರಲಿಲ್ಲ. ಅಳಿಯನ ಸಲಹೆ ಬೇರೆಯಾಗಿತ್ತು: ಮಂಕಾಗಿಯೇ ಹೋಗಿ, ಬೇಕೆನಿಸಿದರೆ ಮೊದಲ ಆಟದ ನಂತರ ಪಾಲಿಶ್ ಮಾಡಿಕೊಳ್ಳುವುದು. ಅದಕ್ಕೆ ನಿಯಮದ ಅಡ್ಡಿಯಿತ್ತು. ಪಂದ್ಯ ಶುರುವಾದ ಮೇಲೆ ಚೆಂಡಿನ ಮೇಲ್ಮೈಯನ್ನು ಉಜ್ಜುವುದಾಗಲಿ ಹೊಳೆಯಿಸುವುದಾಗಲಿ ಕೂಡದು. ಅಮೆರಿಕದ ಒಕ್ಕೂಟದ ಪಂದ್ಯಗಳಲ್ಲಂತೂ 2020ರ ಆಗಸ್ಟ್‌ನಿಂದ ಆಟದ ನಡುವೆ ಒಣ ಬಟ್ಟೆಯಿಂದ ಒರೆಸುವುದಕ್ಕಷ್ಟೇ ಅವಕಾಶ. ಗೋವೆಯ ಸಂಘಟಕರೂ ಅದನ್ನೇ ಅನುಸರಿಸುತ್ತಿದ್ದರು. ಹಾಗಾಗಿ ನಿರ್ಧಾರ ಕಾರವಾರದಲ್ಲೇ ಆಗಬೇಕಿತ್ತು, ಆಯಿತು.

ಪಂದ್ಯದ ಸಂಜೆ

ಮೂರು ಆಟಗಳ ಪಂದ್ಯ. ಮೊದಲೆರಡು ಆಟಗಳಲ್ಲಿ ಚೆಂಡು ಹೇಳಿದಂತೆ ನಡೆಯಿತು, ಎರಡನೆಯದರಲ್ಲಿ ಒಂದರ ಹಿಂದೊಂದು ನಾಲ್ಕು ಸ್ಟ್ರೈಕ್, ಅಂದರೆ ಮೊದಲ ಎಸೆತಕ್ಕೇ ಹತ್ತೂ ಪಿನ್ನು, ಬಿದ್ದವು. ಪ್ರತಿ ಎಸೆತದ ನಂತರ ಚೆಂಡು ಮರಳಿ ಬಂದಾಗ ನಾನು ಬಟ್ಟೆಯಿಂದ ಒರೆಸುವ ಮೊದಲು ಅದರ ಮೇಲಿನ ಎಣ್ಣೆಯ ಉಂಗುರಗಳನ್ನು ನೋಡುತ್ತಿದ್ದೆ. ಮೊದಲ ಆಟದಲ್ಲಿ ಬಿಡಿಬಿಡಿಯಾಗಿ ಎಣಿಸುವಂತಿದ್ದ ಉಂಗುರಗಳು ಮೂರನೆಯ ಆಟದ ಹೊತ್ತಿಗೆ ಕಂಡೂ ಕಾಣದಷ್ಟು ತೆಳುವಾದವು. ಅಂದರೆ ಲೇನಿನಲ್ಲಿ ಮುಂಭಾಗದ ಎಣ್ಣೆ ಹೆಚ್ಚು ಕಡಿಮೆ ಮುಗಿದಿತ್ತು. ಚೆಂಡಿನ ಜಾಡಿನಲ್ಲಿ ನಾನು ಕೊಟ್ಟ ಹೊಳಪೂ ಒಂದಿಷ್ಟು ಸತ್ತು ಮಂಕಿನ ಗೆರೆ ಮೂಡಿತ್ತು. ಎರಡೂ ಸೇರಿ ಚೆಂಡು ಮತ್ತೆ ಬೇಗ ಬಾಗತೊಡಗಿತು. ಅಳಿಯ ನಾಲ್ಕು ಹಲಗೆ ಎಡಕ್ಕೆ ಸರಿದು ಒಂದಷ್ಟು ಸಾವರಿಸಿಕೊಂಡನಾದರೂ, ಕೊನೆಯ ಮೂರು ಸರದಿಗಳಲ್ಲಿ ಹತ್ತನೆಯ ಪಿನ್ನು ಎರಡು ಸಲ ನಿಂತಿತು. ಅದನ್ನು ಬೀಳಿಸಲು ನೇರವಾಗಿ ಎಸೆದ ಚೆಂಡು ಎರಡು ಸಲವೂ ಒಳಕ್ಕೆ ತಿರುಗಿ ತಪ್ಪಿತು. ಮೂಲೆಯ ಪಿನ್ನಿಗೆ ಬಾಡಿಗೆಯ ಪಾಲಿಯೆಸ್ಟರ್ ಚೆಂಡನ್ನೇ ಎತ್ತಿಕೊಳ್ಳಬಹುದಿತ್ತು. ಬೆರಳಿಗೆ ಹೊಂದುವುದಿಲ್ಲವೆಂದು ಅವನು ಒಪ್ಪಲಿಲ್ಲ. ನನ್ನ ಪ್ರಕಾರ ಅವರ ತಂಡ ನಡುವಿನ ಸ್ಥಾನಕ್ಕೆ ಇಳಿದದ್ದು ಮೇಲ್ಮೈಯಿಂದಲ್ಲ, ಆ ಎರಡು ಪಿನ್ನುಗಳಿಂದ. ಅವನ ಪ್ರಕಾರ ತಳವನ್ನು 3000ಕ್ಕೆ ಒಯ್ದು ಹೊಳಪು ಕೊಡಬೇಕಿತ್ತು. ಇರಬಹುದು. ಅದನ್ನು ಪರೀಕ್ಷಿಸಲು ಇನ್ನೊಂದು ಭಾನುವಾರ ಬೇಕು.

ಜನವರಿಯಿಂದ ಅವನ ಆಟ ಬೆಳಗಿನ ಹೊತ್ತಿಗೆ ಬದಲಾಗಿದೆ. ಹೋದ ಶನಿವಾರ ಹಂಡೆಯ ನೀರಿನಲ್ಲಿ ಮತ್ತೊಮ್ಮೆ ಬೆವರಿಸಿ, ಹೊಳಪನ್ನು ಪೂರ್ತಿ ತೆಗೆದು, ಆರು ಮುಖಗಳನ್ನೂ 2000ಕ್ಕೆ ಉಜ್ಜಿ ಸಿಂಬಿಯ ಮೇಲೆ ಒಣಗಲು ಇಟ್ಟೆ. ಬಾನೆಟ್ ಪಾಲಿಶ್ ಮಾಡಿಸಲು ಬಂದ ಗಿರಾಕಿಯೊಬ್ಬರು ಅದನ್ನು ನೋಡಿ, ಇದಕ್ಕೆ ಇನ್ನೂ ಹೊಳಪು ಕೊಡುವುದು ಬಾಕಿ ಇದೆಯೇ ಎಂದು ಕೇಳಿದರು. ಇಲ್ಲ, ಕೆಲಸ ಮುಗಿದಿದೆ ಎಂದೆ. ಅವರು ತಮ್ಮ ಬಾನೆಟ್ಟಿನ ಕಡೆ ಒಮ್ಮೆ ಅನುಮಾನದಿಂದ ನೋಡಿದರು.